ಅಪ್‌ಡೇಟ್: ಎತ್ತರದ ಟೈರ್ ಹಾಕಿಸಿದ ಮೇಲೆ ಆದದ್ದು

ಬೆನ್ನುನೋವಿರುವ ತಾಯಿಯವರನ್ನು ವಿಜಯಪುರದಿಂದ ಕೊಲ್ಹಾರ ಮಾರ್ಗವಾಗಿ ಬಾಗಲಕೋಟೆಗೆ ಕರೆದೊಯ್ಯುವಾಗ ಕಾರು ಬಹಳ ಕುಲುಕುತ್ತದೆ, 185/65 ಆರ್15 (ಅಗಲ 185 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 65, ರಿಮ್ 15 ಇಂಚು) ಟೈರಿನ ಬದಲು ಎತ್ತರದ್ದನ್ನು ಹಾಕಿಸಬಹುದೇ ಎಂದು ಕಳೆದ ವಾರ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು.

205/65 ಹಾಕಿಸುವ ಸಲಹೆ ನನ್ನ ಕಾರಿಗೆ ಹೊಂದಲಿಲ್ಲ. ಅಂಗಡಿಯಲ್ಲಿ ಒಂದು ಚಕ್ರಕ್ಕೆ ಹಾಕಿ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಒಳಗಿನ ಪ್ಲಾಸ್ಟಿಕ್ ಹೊದಿಕೆಗೆ ಉಜ್ಜಿತು. ಕೊನೆಗೆ ಹಲವರು ಹೇಳಿದ್ದ 195/65 ಆರ್15 ಅನ್ನೇ ನಾಲ್ಕೂ ಚಕ್ರಗಳಿಗೆ ಹಾಕಿಸಿದೆ. ಇದರ ಪಕ್ಕದ ಗೋಡೆ ಸುಮಾರು 6.5 ಮಿ.ಮೀ. ಎತ್ತರವಾಗಿದ್ದು, ಒಟ್ಟು ವ್ಯಾಸ ಶೇ. 2ರಷ್ಟು ಹೆಚ್ಚುವುದರಿಂದ, ಮೀಟರು 80 ತೋರಿಸುವಾಗ ಕಾರು ಮೊದಲಿಗಿಂತ ಗಂಟೆಗೆ ಒಂದೂವರೆ ಕಿ.ಮೀ.ಗೂ ತುಸು ಹೆಚ್ಚು ವೇಗದಲ್ಲಿ ಓಡುತ್ತದೆ.

ನನಗೆ ಅಚ್ಚರಿಯಾದದ್ದು ಗಾಳಿಯ ವಿಷಯ. ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ 33 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಎಂದಿದ್ದರೂ ಹಳೆಯ ಟೈರುಗಳಲ್ಲಿ 40 ಇತ್ತು. ಅದನ್ನು ಒಬ್ಬರು ಮೊದಲೇ ಊಹಿಸಿದ್ದರು. ಹೊಸ ಟೈರು ಹಾಕಿಸುವ ಮುನ್ನ, ಬೆಳಿಗ್ಗೆ ಟೈರು ತಣ್ಣಗಿದ್ದಾಗ 33ಕ್ಕೆ ಇಳಿಸಿ ಓಡಿಸಿದಾಗಲೇ ಅರ್ಧಕ್ಕಿಂತ ಹೆಚ್ಚು ಕುಲುಕಾಟ ಹೋಗಿತ್ತು. ಉಳಿದದ್ದರಲ್ಲಿ ಸಣ್ಣ ತಗ್ಗುಗಳ ಪೆಟ್ಟನ್ನು ಹೊಸ ಟೈರು ತಗ್ಗಿಸಿದೆ. ದೊಡ್ಡ ಹಂಪುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ, ಅದು ಶಾಕ್ ಅಬ್ಸಾರ್ಬರಿನ ಕೆಲಸ. ಆದ್ದರಿಂದ ಹಣ ಖರ್ಚು ಮಾಡುವ ಮೊದಲು ದಯವಿಟ್ಟು ಗಾಳಿ ಪರೀಕ್ಷಿಸಿರಿ.

ಸ್ಟೆಪ್ನಿ ಇನ್ನೂ ಹಳೆಯ ಅಳತೆಯದೇ ಆಗಿರುವುದರಿಂದ ಅದನ್ನು ಪಂಕ್ಚರ್ ಅಂಗಡಿ ಮುಟ್ಟುವವರೆಗೆ ಮಾತ್ರ, ನಿಧಾನವಾಗಿ ಬಳಸುವೆ. ಮೊನ್ನೆಯ ಪ್ರಯಾಣದಲ್ಲಿ ತಾಯಿಯವರು ಕೊಲ್ಹಾರ ದಾಟುವವರೆಗೂ ನಿದ್ರಿಸಿದರು.