ಸಹಾಯ ಬೇಕು: ಶಿರಸಿಯ ಬಿ.ಕಾಂ. ವಿದ್ಯಾರ್ಥಿಗಳ ಎಕ್ಸೆಲ್ ಮಾಡೆಲ್ ತಿದ್ದಿಕೊಡುವವರು

ನಮಸ್ಕಾರ. ಇಲ್ಲಿ ಐದನೇ ಸೆಮಿಸ್ಟರಿನ ನಾಲ್ವರು ಅಸೆಟ್ ಮ್ಯಾನೇಜ್‌ಮೆಂಟ್ ಕಂಪನಿಗಳ (ಮ್ಯೂಚುವಲ್ ಫಂಡ್ ನಡೆಸುವವರ) ರಿಸರ್ಚ್ ಕೆಲಸಕ್ಕೆ ತಯಾರಾಗುತ್ತಿದ್ದಾರೆ. ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ ಆನ್‌ಲೈನಿನಲ್ಲಿ ಕೂತು ಇವರ ಲೆಕ್ಕ ತಿದ್ದುವವರು ಬೇಕು. ಈಕ್ವಿಟಿ ರಿಸರ್ಚ್ (ಷೇರು ಕೊಳ್ಳುವ ಮೊದಲು ಕಂಪನಿಯ ಅಧ್ಯಯನ) ಬಲ್ಲವರಾದರೆ ಒಳ್ಳೆಯದು, ಸಿಎ ಆದವರೂ ಆಗಬಹುದು.

ಪರೀಕ್ಷೆಗಳ ಬಗ್ಗೆ ಗೊಂದಲವಿಲ್ಲ. ಎನ್‌ಐಎಸ್‌ಎಂ (ಷೇರುಪೇಟೆ ಕೆಲಸದವರಿಗೆ ಪರೀಕ್ಷೆ ನಡೆಸುವ ಸಂಸ್ಥೆ) 5-ಎ ಸುಲಭ: 100 ಅಂಕ, 2 ಗಂಟೆ, 50 ಬಂದರೆ ಪಾಸ್, ನೆಗೆಟಿವ್ ಮಾರ್ಕಿಂಗ್ ಇಲ್ಲ. ಆದರೆ ಅದು ಫಂಡ್ ಮಾರುವವರ ಸರ್ಟಿಫಿಕೇಟು. ರಿಸರ್ಚ್‌ಗೆ ಅದೇ ಸಂಸ್ಥೆಯ ಸರಣಿ 15 ಬೇಕು. ಅಲ್ಲಿ 60 ಬರಬೇಕು, ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಕಾಲು ಭಾಗ ಕಡಿತ. ಸಿಎಫ್‌ಎಗೆಂದು (ಹೂಡಿಕೆ ವಿಶ್ಲೇಷಕರ ಅಂತರರಾಷ್ಟ್ರೀಯ ಪರೀಕ್ಷೆ) ಪಾಸ್‌ಪೋರ್ಟ್‌ಗೂ ಅರ್ಜಿ ಹಾಕಿಯಾಗಿದೆ.

ತೊಡಕಿರುವುದು ಮಾಡೆಲ್‌ನಲ್ಲಿ, ಅಂದರೆ ಕಂಪನಿಯ ಲೆಕ್ಕ ಜೋಡಿಸುವ ಎಕ್ಸೆಲ್ ಹಾಳೆಯಲ್ಲಿ. ಒಬ್ಬೊಬ್ಬರು ಒಂದೊಂದು ಕಂಪನಿಯ 5 ವರ್ಷದ ವಾರ್ಷಿಕ ವರದಿ ಹಿಡಿದಿದ್ದಾರೆ. ಒಂದು ವರ್ಷಕ್ಕೆ ಸ್ಟ್ಯಾಂಡ್‌ಅಲೋನ್ (ಆ ಕಂಪನಿಯದ್ದು ಮಾತ್ರ), ಮತ್ತೊಂದಕ್ಕೆ ಕನ್ಸಾಲಿಡೇಟೆಡ್ (ಅಂಗ ಕಂಪನಿಗಳನ್ನೂ ಸೇರಿಸಿದ) ಅಂಕಿ ಹಾಕಿ ಬೆಳವಣಿಗೆ ದರವನ್ನೇ ಕೆಡಿಸುತ್ತಾರೆ. ಕಂಪನಿ 1:1 ಬೋನಸ್ ಷೇರು (ಒಂದಕ್ಕೆ ಇನ್ನೊಂದು ಉಚಿತ) ಕೊಟ್ಟರೆ ಹಿಂದಿನ ವರ್ಷಗಳ ಇಪಿಎಸ್ (ಒಂದು ಷೇರಿಗೆ ಬಂದ ಲಾಭ) ಅರ್ಧವಾಗಬೇಕು, ಅದನ್ನು ಮರೆತು ಗಳಿಕೆ ಕುಸಿಯಿತೆಂದು ಬರೆಯುತ್ತಾರೆ. ಲಾಭ ಏರಿದ್ದು ಕಾಣುತ್ತದೆ, ಗಿರಾಕಿಗಳ ಬಾಕಿ ಬೆಳೆದು ನಗದು ಬಾರದ್ದು ಕಾಣುವುದಿಲ್ಲ. (ರಾಶಿ, ಚಾಲಿ ಅಡಿಕೆಯ ದರ ನೋಡುತ್ತ ಬೆಳೆದ ಮಕ್ಕಳು! ಅಡಿಕೆ ಕೊಟ್ಟು ದುಡ್ಡು ಬಾಕಿ ಉಳಿದ ಹಾಗೆ ಎಂದರೆ ತಟ್ಟನೆ ಹಿಡಿಯುತ್ತಾರೆ.)

ಭಾನುವಾರ ಬೆಳಿಗ್ಗೆ ಅನುಕೂಲ. ಮಳೆಗಾಲದಲ್ಲಿ ಕರೆಂಟು, ನೆಟ್ಟು ನಂಬುವಂತಿಲ್ಲ, ಹಾಗಾಗಿ ಫೈಲು ಎರಡು ದಿನ ಮೊದಲೇ ಕಳಿಸುತ್ತೇವೆ. ಆಗುವವರು ದಯವಿಟ್ಟು ಇಲ್ಲೇ ತಿಳಿಸಿ, ಯಾವ ವಲಯದ ಕಂಪನಿ ನೋಡಬಲ್ಲಿರಿ ಎಂಬುದನ್ನೂ ಬರೆಯಿರಿ.