ಪದಚರ್ಚೆ: ಯೋಚಿಸೋದಕ್ಕೂ ಹೊಳೆಯೋದಕ್ಕೂ ನಡುವೆ ಇರೋ ಹಂತಕ್ಕೆ ಏನಂತೀರಿ?

ಎಲ್ಲರಿಗೂ ನಮಸ್ಕಾರ,

ಒಂದು ಯೋಚನೆ ಮನಸ್ಸಲ್ಲಿ ಹುಟ್ಟಿ ಪರಿಹಾರ ಆಗೋ ತನಕ ಹೇಗೆ ಬೆಳೆಯುತ್ತೆ ಅಂತ ಹೈಸ್ಕೂಲು ಮಕ್ಕಳಿಗಾಗಿ ಒಂದು ಲೇಖನ ಬರೀತಾ ಇದೀನಿ, ಒಂದು ಪದದ ಹತ್ರ ಬಂದು ನಿಂತಿದೆ, ನಿಮ್ಮ ಸಹಾಯ ಬೇಕು.

ಗ್ರಹಾಂ ವಾಲಸ್ ಅನ್ನೋ ಇಂಗ್ಲಿಷ್ ಚಿಂತಕರು 1926ರಲ್ಲಿ ಇದನ್ನ ನಾಲ್ಕು ಹಂತವಾಗಿ ವಿವರಿಸಿದ್ರು. ಪ್ರಿಪರೇಶನ್, ಇನ್‌ಕ್ಯುಬೇಶನ್, ಇಲ್ಯುಮಿನೇಶನ್, ವೆರಿಫಿಕೇಶನ್. ಮೊದಲನೇದು ಸಿದ್ಧತೆ, ಸಮಸ್ಯೆ ಜೊತೆ ಗುದ್ದಾಡೋದು. ಕೊನೇದು ಒರೆಗೆ ಹಚ್ಚೋದು, ಇದಕ್ಕಿಂತ ಒಳ್ಳೆ ಮಾತು ಹುಡುಕೋ ಅಗತ್ಯ ಇಲ್ಲ. ಮೂರನೇದಕ್ಕೆ ಹೊಳೆಯೋದು ಅನ್ನೋ ಚಂದದ ಕ್ರಿಯಾಪದ ಇದ್ದೇ ಇದೆ. ಸಿಕ್ಕಿಹಾಕ್ಕೊಂಡಿರೋದು ಎರಡನೇದು, ಅಂದ್ರೆ ನಾವು ಆ ವಿಷಯ ಪಕ್ಕಕ್ಕಿಟ್ಟು ಬೇರೇನೋ ಮಾಡ್ತಾ ಇರ್ತೀವಲ್ಲ, ಆ ಹೊತ್ತು.

ಇದಕ್ಕೆ ಫ್ರಾನ್ಸಿನ ಗಣಿತಜ್ಞ ಪೊಂಕಾರೆ ತಾವೇ 1908ರಲ್ಲಿ ಬರೆದಿಟ್ಟಿರೋ ಅನುಭವ ಬಹಳ ಒಳ್ಳೆ ಉದಾಹರಣೆ. ಫುಕ್ಸಿಯನ್ ಫಂಕ್ಷನ್ ಅನ್ನೋ ಒಂದು ಬಗೆಯ ಗಣಿತದ ಫಂಕ್ಷನ್ನುಗಳ ಮೇಲೆ ಕೆಲಸ ಮಾಡ್ತಾ ಇದ್ದವರು ಮಧ್ಯದಲ್ಲಿ ಒಂದು ಪ್ರವಾಸಕ್ಕೆ ಹೊರಟ್ರು, ಓಡಾಟದಲ್ಲಿ ಗಣಿತ ಮರೆತೇ ಹೋಗಿತ್ತು, ಕುತಾಂಸ್ ಅನ್ನೋ ಊರಲ್ಲಿ ಬಂಡಿ ಹತ್ತೋಕೆ ಅಂತ ಮೆಟ್ಟಿಲ ಮೇಲೆ ಕಾಲಿಟ್ಟ ಕ್ಷಣಕ್ಕೆ, ತಾವು ಬಳಸಿದ್ದ ರೂಪಾಂತರಗಳೂ ಯೂಕ್ಲಿಡೇತರ ಜ್ಯಾಮಿತಿಯ (ಅಂದ್ರೆ ಶಾಲೇಲಿ ಕಲಿಯೋ ಯೂಕ್ಲಿಡ್ ಜ್ಯಾಮಿತಿಗಿಂತ ಬೇರೆ ನಿಯಮದ್ದು) ರೂಪಾಂತರಗಳೂ ಒಂದೇ ಅಂತ ಹೊಳೀತು. ಅದನ್ನ ಅಲ್ಲೇ ಪರೀಕ್ಷೆ ಮಾಡೋಕೆ ಪುರುಸೊತ್ತೂ ಇರ್ಲಿಲ್ಲ, ಮಾತು ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸಿದ್ರು, ಆದ್ರೆ ಸರಿ ಅನ್ನೋ ಖಾತ್ರಿ ಪೂರ್ತಿ ಇತ್ತು, ಊರಿಗೆ ವಾಪಸ್ ಬಂದ ಮೇಲೆ ನಿಧಾನಕ್ಕೆ ಕೂತು ಒರೆಗೆ ಹಚ್ಚಿದ್ರು. ಆ ಪ್ರವಾಸದ ದಿನಗಳಲ್ಲಿ ಅವರ ಮನಸ್ಸಿನೊಳಗೆ ನಡೀತಿದ್ದದ್ದಕ್ಕೆ ಕನ್ನಡದಲ್ಲಿ ಏನು ಹೇಳೋದು?

ಕನ್ನಡ ಈ ವಿಷಯದಲ್ಲಿ ಬಡವೇನಲ್ಲ. ವ್ಯಾಕರಣನೇ ನೋಡಿ, ನಾನು ಯೋಚಿಸಿದೆ ಅಂತೀವಿ, ಆದ್ರೆ ನಾನು ಹೊಳೆದೆ ಅನ್ನಲ್ಲ, ನನಗೆ ಹೊಳೀತು ಅಂತೀವಿ. ಯೋಚಿಸೋದು ನಾವು ಮಾಡೋ ಕೆಲಸ, ಹೊಳೆಯೋದು ನಮಗೆ ಆಗೋದು, ವಾಲಸ್ ಮೊದಲ ಹಂತಕ್ಕೂ ಮೂರನೇ ಹಂತಕ್ಕೂ ಮಾಡೋ ವ್ಯತ್ಯಾಸ ನಮ್ಮ ವಿಭಕ್ತಿಯಲ್ಲೇ ಕೂತಿದೆ! ಇನ್ನು ಸುಳಿಯೋದು ಅಂದ್ರೆ ಬಂದು ಹಾಗೇ ಹೋಗಿಬಿಡೋದು, ಮೊಳೆಯೋದು ಅಂದ್ರೆ ಬಂದು ಬೇರು ಬಿಡೋದು. ತೋಚು ಅನ್ನೋದನ್ನ ಹೆಚ್ಚಾಗಿ ಇಲ್ಲ ಅನ್ನೋ ಅರ್ಥದಲ್ಲೇ ಬಳಸ್ತೀವಿ, ಏನೂ ತೋಚ್ತಿಲ್ಲ, ದಿಕ್ಕು ತೋಚದೆ, ಹೀಗೆ. ಬಗೆಹರಿಯೋದು ಅನ್ನೋದ್ರಲ್ಲೂ ಬಗೆ ಇದೆ, ಹಳಗನ್ನಡದಲ್ಲಿ ಬಗೆ ಅಂದ್ರೆ ಮನಸ್ಸು, ಆಲೋಚನೆ. ಇಷ್ಟೆಲ್ಲಾ ಇಟ್ಕೊಂಡಿರೋ ಭಾಷೇಲಿ ಆ ಎರಡನೇ ಹಂತಕ್ಕೆ ಮಾತು ಇರಲೇಬೇಕು ಅಂತ ನನ್ನ ನಂಬಿಕೆ.

ಮೊದಲು ಕೈಗೆ ಬರೋದು ಕಾವು. ಕೋಳಿ ಕಾವಿಗೆ ಕೂರೋದು, ಇಂಗ್ಲಿಷಿನ ಇನ್‌ಕ್ಯುಬೇಶನ್ ಪದದ ಮೂಲ ಅರ್ಥವೂ ಅದೇ. ಆದ್ರೆ ಈಗ ಕಾವು ಅಂದ ತಕ್ಷಣ ಚುನಾವಣೆ ಕಾವು, ಕಾವೇರಿದ ಚರ್ಚೆ ನೆನಪಾಗುತ್ತೆ, ನಾನು ಹೇಳ್ಬೇಕಾಗಿರೋದು ಸದ್ದಿಲ್ಲದೆ ನಡೆಯೋದರ ಬಗ್ಗೆ. ಮೆಲುಕು ಹಾಕೋದು ಗೊತ್ತಿದ್ದೂ ಮಾಡೋ ಕೆಲಸ. ತಲೇಲಿ ಕೊರೀತಾ ಇರೋದು, ಗುಂಗು ಹಿಡಿಯೋದು, ಇವೂ ಅಷ್ಟೇ, ಅಲ್ಲಿ ಮರೆವು ಇಲ್ಲ. ಮಾಗೋದು ಪರವಾಗಿಲ್ಲ, ಆದ್ರೆ ಮಾಗಿದ ಮನಸ್ಸು ಅಂದ್ರೆ ವಯಸ್ಸಿನ ಪಕ್ವತೆ ಕಡೆ ಹೋಗಿಬಿಡುತ್ತೆ.

ಇಲ್ಲಿ ಇನ್ನೊಂದು ವಿಷಯ ಇದೆ. ಈ ಹಂತದಲ್ಲಿ ನಿಜಕ್ಕೂ ಏನು ನಡೆಯುತ್ತೆ ಅನ್ನೋದಕ್ಕೆ ಮನೋವಿಜ್ಞಾನಿಗಳು ಒಂದಕ್ಕಿಂತ ಹೆಚ್ಚು ವಿವರಣೆ ಕೊಡ್ತಾರೆ. ಅರಿವಿಲ್ಲದೆ ಮನಸ್ಸು ಒಳಗೇ ಕೆಲಸ ಮಾಡುತ್ತೆ ಅನ್ನೋದು ಒಂದು, ಪೊಂಕಾರೆ ಒಲವೂ ಆ ಕಡೆಗೇ. ಇನ್ನೊಂದು, ಒಳಗೆ ಅಂಥ ವಿಶೇಷ ಕೆಲಸ ಏನೂ ನಡೆಯಲ್ಲ, ಹಿಡ್ಕೊಂಡು ಕೂತಿದ್ದ ತಪ್ಪು ದಾರಿ ಬಿಡುವಿನಲ್ಲಿ ಮಸುಕಾಗುತ್ತೆ, ಮತ್ತೆ ನೋಡಿದಾಗ ಸರಿ ದಾರಿ ಕಾಣುತ್ತೆ ಅನ್ನೋದು. ಐರ್ಲೆಂಡಿನ ಗಣಿತಜ್ಞ ಹ್ಯಾಮಿಲ್ಟನ್ ಮೂರು ಸಂಖ್ಯೆಗಳ ಗುಂಪುಗಳನ್ನ ಗುಣಿಸೋ ದಾರಿ ವರ್ಷಗಟ್ಟಲೆ ಹುಡುಕಿ, 1843ರಲ್ಲಿ ಡಬ್ಲಿನ್ನಿನ ಕಾಲುವೆ ದಂಡೇಲಿ ಹೆಂಡತಿ ಜೊತೆ ನಡೀತಿರುವಾಗ ಮೂರಲ್ಲ, ನಾಲ್ಕು ಬೇಕು ಅಂತ ಕಂಡುಕೊಂಡ್ರಲ್ಲ, ಅಲ್ಲೂ ಗಟ್ಟಿಯಾಗಿ ಹಿಡಿದಿದ್ದ ಮೂರನ್ನ ಬಿಟ್ಟ ಮೇಲೇ ದಾರಿ ತೆರೆದದ್ದು.

ಕಾವು, ಮಾಗು ಎರಡೂ ಮೊದಲ ವಿವರಣೆಗೆ ಗಂಟು ಬೀಳ್ತವೆ, ಒಳಗೆ ಏನೋ ಬೆಳೀತಿದೆ ಅಂತ ಮೊದಲೇ ತೀರ್ಮಾನ ಮಾಡಿದ ಹಾಗೆ. ಅದಕ್ಕೇ ನನ್ನ ಮನಸ್ಸು ತಿಳಿಯಾಗು ಕಡೆ ವಾಲಿದೆ. ಕದಡಿದ ನೀರನ್ನ ಹಾಗೇ ಬಿಟ್ರೆ ತಿಳಿಯಾಗುತ್ತೆ, ನಾವು ಕೈ ಹಾಕದೆ ಇರೋದೇ ಅಲ್ಲಿ ಮುಖ್ಯ, ಅದೂ ಅಲ್ದೆ ಅರಿಯೋದಕ್ಕೂ ತಿಳಿ ಅನ್ನೋದೇ ಮಾತು. ಆದ್ರೆ ಎರಡು ಅನುಮಾನ. ತಿಳಿಯಾಗುವ ಹಂತ ಅಂತ ಬರೆದ್ರೆ ಮಕ್ಕಳು ಅದನ್ನ ತಿಳಿಯುವ ಹಂತ ಅಂದ್ಕೊಂಡು ಮೂರನೇದರ ಜೊತೆ ಕಲಸಿಬಿಡ್ತಾರಾ? ಜೊತೆಗೆ ಇದರಲ್ಲಿ ಎರಡನೇ ವಿವರಣೆ ಕಡೆಗೆ ತಕ್ಕಡಿ ವಾಲುತ್ತಲ್ಲ, ಎರಡಕ್ಕೂ ಹೊಂದೋ ಪದ ಇದ್ಯಾ?

ಇನ್ನೊಂದು ಸಣ್ಣ ಪ್ರಶ್ನೆ, ಹೊಳೆದದ್ದಕ್ಕೆ ನಾಮಪದ ಬೇಕಾದಾಗ ಒಳನೋಟ ಅಂತ ಬಳಸೋರು ಇದ್ದಾರೆ, ನನಗೆ ಹೊಳಹು ಇನ್ನೂ ಹತ್ತಿರ ಅನ್ಸುತ್ತೆ, ಯಾಕಂದ್ರೆ ಒಳನೋಟ ನಿಧಾನಕ್ಕೂ ದಕ್ಕಬಹುದು. ಮಾತಾಡುವಾಗ ಹೊಳಹು ಅನ್ನೋರು ಯಾರಾದ್ರೂ ಇದ್ದೀರಾ, ಅಥವಾ ಅದು ಬರಹಕ್ಕೆ ಮಾತ್ರ ಉಳಿದಿದ್ಯಾ? ನಿಮ್ಮ ಮನೇಲಿ ಹಿರಿಯರು, ಸ್ವಲ್ಪ ಬಿಟ್ಟು ನೋಡು, ತಾನೇ ದಾರಿ ಸಿಗುತ್ತೆ ಅನ್ನೋ ಅರ್ಥದಲ್ಲಿ ಬಳಸೋ ಕ್ರಿಯಾಪದ ಯಾವುದಾದ್ರೂ ಇದ್ರೆ ಒಂದು ಪೂರ್ತಿ ವಾಕ್ಯದಲ್ಲೇ ಬರೆದು ಕಳಿಸಿ, ಬಿಡಿ ಪದಕ್ಕಿಂತ ಅದು ಹೆಚ್ಚು ಉಪಯೋಗ.