ಕ್ಷಮಿಸಿದ ಮೇಲೆ ನಂಬಲೇಬೇಕಾ?

ಅಕ್ಕಾ, ವಂದನೆ. ನಿಮ್ಮ ಮೆಸೇಜ್ ಓದಿದೆ, ಅದಕ್ಕೆ ಬಂದ ಉತ್ತರಗಳನ್ನೂ ಓದಿದೆ. ಸ್ವಲ್ಪ ಉದ್ದ ಆಗಬಹುದು, ಕೇಳಿಸಿಕೊಳ್ಳಿ. ಪ್ರಾರ್ಥನೆ ಮಾಡಿ ಅಂತ ಒಬ್ಬರನ್ನು ನಂಬಿ ಮನೆಯ ಕಷ್ಟ ಹೇಳಿಕೊಂಡಿರಿ, ಅದು ಎಲ್ಲರ ಬಾಯಿಗೂ ಬಿತ್ತು, ಈಗ ಅವರು ಸಾರಿ ಕೇಳಿ ಮೊದಲಿನ ಹಾಗೇ ಇರೋಣ ಅನ್ನುತ್ತಿದ್ದಾರೆ, ನಿಮಗೆ ಮನಸ್ಸು ಬರುತ್ತಿಲ್ಲ. ಇದಕ್ಕೆ ಇಲ್ಲಿ ಎಲ್ಲರೂ "ಏಳೆಪ್ಪತ್ತು ಸಾರಿ ಕ್ಷಮಿಸು" ಅನ್ನುವ ಬೈಬಲಿನ ಮತ್ತಾಯ 18ರ ವಚನವನ್ನೇ ಹಾಕುತ್ತಿದ್ದಾರೆ. ವಚನ ಸರಿಯೇ. ಆದರೆ ಅದೇ ಅಧ್ಯಾಯದ 15ನೇ ವಚನ ಯಾರಿಗೂ ನೆನಪಾಗಲಿಲ್ಲ ನೋಡಿ. ತಪ್ಪು ಮಾಡಿದವನ ಹತ್ತಿರ ಹೋಗು, ಇಬ್ಬರೇ ಇರುವಾಗ ಅವನ ತಪ್ಪು ಅವನಿಗೆ ಹೇಳು ಅಂತಿದೆ ಅಲ್ಲಿ. ನುಂಗಿಕೊಂಡು ಸುಮ್ನೆ ಇರು ಅಂತ ಯೇಸು ಹೇಳಲಿಲ್ಲ.

ನನಗೆ ಈ ವಿಷಯದಲ್ಲಿ ಬೈಬಲಿನ ಆದಿಕಾಂಡದ ಯೋಸೇಫನೇ ನೆನಪಾಗುವುದು. ಹದಿನೇಳು ವರ್ಷದ ಹುಡುಗನನ್ನು ಸ್ವಂತ ಅಣ್ಣಂದಿರು 20 ಬೆಳ್ಳಿಗೆ ಮಾರಿದರು. ಇಪ್ಪತ್ತಕ್ಕೂ ಜಾಸ್ತಿ ವರ್ಷ ಆದಮೇಲೆ ಬರಗಾಲದಲ್ಲಿ ಅವರೇ ಧಾನ್ಯ ಕೊಳ್ಳಲು ಬಂದು, ಐಗುಪ್ತದಲ್ಲಿ (ಈಜಿಪ್ಟ್) ದೊಡ್ಡ ಅಧಿಕಾರಿಯಾಗಿದ್ದ ಅವನು ಯಾರು ಅಂತ ಗೊತ್ತಾಗದೆ ಅವನ ಮುಂದೆ ಅಡ್ಡಬಿದ್ದರು. ಆಗ ಅವನು ಮಾಡಿದ್ದು ನೋಡಿ. ಚೀಲದ ತುಂಬ ಧಾನ್ಯ ಕೊಡಿಸಿದ, ಅವರು ಕೊಟ್ಟ ಹಣವನ್ನೂ ಗುಟ್ಟಾಗಿ ಅದೇ ಚೀಲದಲ್ಲಿ ವಾಪಸ್ ಇಡಿಸಿದ, ಮರೆಗೆ ಹೋಗಿ ಅತ್ತ. ಆದರೆ ನಾನು ಯೋಸೇಫ ಅಂತ ಮಾತ್ರ ಬಾಯಿ ಬಿಡಲಿಲ್ಲ. ಹೊಟ್ಟೆಗೆ ಕೊಟ್ಟ, ಗುಟ್ಟು ಕೊಡಲಿಲ್ಲ. ಅದು ದ್ವೇಷ ಅಂತೀರಾ? ಈ ಜನ ಬದಲಾಗಿದ್ದಾರಾ ಅಂತ ಅವನಿಗೆ ತಿಳಿಯಬೇಕಿತ್ತು. ಕೊನೆಗೆ ಎಲ್ಲರಿಗಿಂತ ಚಿಕ್ಕ ತಮ್ಮ ಬೆನ್ಯಾಮೀನನನ್ನು ಹಿಡಿದಿಟ್ಟಾಗ, ಅವತ್ತು ಮಾರೋಣ ಅಂದಿದ್ದ ಅಣ್ಣ ಯೆಹೂದನೇ ಮುಂದೆ ಬಂದು ಹುಡುಗನ ಬದಲು ನಾನು ಗುಲಾಮ ಆಗುತ್ತೇನೆ ಅಂದ. ಆಮೇಲೇ ಯೋಸೇಫ ತಾನು ಯಾರು ಅಂತ ಹೇಳಿದ್ದು.

ಕಥೆ ಅಲ್ಲಿಗೇ ಮುಗಿಯಿತು ಅಂದುಕೊಳ್ಳುತ್ತೇವೆ, ಆದರೆ ಆದಿಕಾಂಡ 50 ಓದಿ ಅಕ್ಕಾ. ಆಮೇಲೆ ಅವರ ಅಪ್ಪ ಯಾಕೋಬನೂ ಐಗುಪ್ತಕ್ಕೆ ಬಂದು ಅಲ್ಲಿ 17 ವರ್ಷ ಬದುಕಿದ. ಅಷ್ಟೂ ವರ್ಷ ಈ ಅಣ್ಣಂದಿರು ತಮ್ಮನ ಅನ್ನ ತಿಂದಿದ್ದಾರೆ, ಅವನು ಅವರಿಗೆ ಒಂದು ಕೇಡನ್ನೂ ಮಾಡಿಲ್ಲ. ಅಪ್ಪ ತೀರಿಕೊಂಡ ಕೂಡಲೇ ಏನಾಯ್ತು? ಈಗ ನಮ್ಮ ಮೇಲೆ ಸೇಡು ತೀರಿಸಿಕೊಳ್ಳುತ್ತಾನೆ ಅಂತ ನಡುಗಿದರು. ನಮ್ಮನ್ನು ಕ್ಷಮಿಸಬೇಕು ಅಂತ ಅಪ್ಪನೇ ಸಾಯೋ ಮುಂಚೆ ಹೇಳಿದ್ದಾರೆ ಅಂತ ಹೇಳಿ ಕಳಿಸಿದರು. ಅದನ್ನು ಕೇಳಿ ಯೋಸೇಫ ಅತ್ತುಬಿಟ್ಟ. ನಂಬಿಕೆದ್ರೋಹದ ನಿಜವಾದ ಶಿಕ್ಷೆ ಇದೇ ಅಂತ ನನ್ನ ಅನಿಸಿಕೆ. ಮೋಸ ಮಾಡಿದವನಿಗೆ ಆಮೇಲೆ ಯಾರ ಒಳ್ಳೆಯತನವನ್ನೂ ನಂಬುವುದಕ್ಕೆ ಆಗುವುದಿಲ್ಲ, ಪೂರ್ತಿ ಕ್ಷಮೆ ಸಿಕ್ಕಿದರೂ.

ಹಣಕ್ಕಾಗಿ ಯೇಸುವನ್ನು ಮಹಾಯಾಜಕರಿಗೆ ಹಿಡಿದುಕೊಟ್ಟ ಶಿಷ್ಯ ಇಸ್ಕರಿಯೋತ ಯೂದನದ್ದು ಎಲ್ಲರಿಗೂ ಗೊತ್ತು, ಜಾಸ್ತಿ ಹೇಳುವುದಿಲ್ಲ. ಅವನು ಅದಕ್ಕೆ ಪಡೆದಿದ್ದ 30 ಬೆಳ್ಳಿ ನಾಣ್ಯ ವಾಪಸ್ ತಂದು ತಪ್ಪು ಮಾಡಿದೆ ಅಂದಾಗ ಮಹಾಯಾಜಕರು "ಅದು ನಮಗೇನು, ನೀನೇ ನೋಡಿಕೋ" ಅಂದುಬಿಟ್ಟರು. ನಿಮ್ಮ ವಿಷಯವನ್ನು ಕಿವಿ ನೆಟ್ಟಗೆ ಮಾಡಿಕೊಂಡು ಕೇಳಿದವರೂ ಅಷ್ಟೇ, ನಾಳೆ ಹೇಳಿದವರ ಜೊತೆ ನಿಲ್ಲುವುದಿಲ್ಲ. ಮುಂದಿನ ಸಲ ಅವರ ಮುಂದೆ ಬಾಯಿ ಬಿಡುವುದೂ ಇಲ್ಲ.

ಇನ್ನು ಸಾರಿ ಅನ್ನುವ ವಿಷಯ. ಯಾಜಕಕಾಂಡ 6ರಲ್ಲಿ, ನಂಬಿ ಇಟ್ಟದ್ದನ್ನು ನುಂಗಿದವನು ಅಷ್ಟನ್ನೂ ತಿರುಗಿ ಕೊಟ್ಟು, ಮೇಲೆ ಐದರಲ್ಲೊಂದು ಪಾಲು ಸೇರಿಸಿ ಕೊಡಬೇಕು ಅಂತಿದೆ. ಕಾಣಿಕೆ ಕೊಟ್ಟರೆ ಮುಗಿಯಿತು ಅಂತಿಲ್ಲ. ಸುಂಕದವನಾಗಿದ್ದ ಜಕ್ಕಾಯ ಯೇಸುವಿನ ಮುಂದೆ, ಯಾರಿಂದಾದರೂ ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಅಂದ, ಅದೂ ಯಾರೂ ಕೇಳದೇನೇ. ಹಣ ಆದರೆ ಎಣಿಸಿ ಕೊಡಬಹುದು, ಗುಟ್ಟನ್ನು ಹೇಗೆ ವಾಪಸ್ ಕೊಡುತ್ತಾರೆ ಅಲ್ವಾ? ಆದರೂ ಒಂದು ದಾರಿ ಇದೆ. ಯಾರ್‍ಯಾರಿಗೆ ಹೇಳಿದರೋ ಅವರ ಹತ್ತಿರ ಹೋಗಿ, ನಾನು ಹೇಳಬಾರದಿತ್ತು, ದಯವಿಟ್ಟು ಇದನ್ನು ಮುಂದೆ ಸಾಗಿಸಬೇಡಿ ಅನ್ನಬೇಕು. ಕಷ್ಟದ ಕೆಲಸ. ಅದನ್ನು ಮಾಡಿದರೆ ಅವರ ಸಾರಿಗೆ ತೂಕ ಬರುತ್ತದೆ.

ನೀವು ಕ್ಷಮಿಸಿ ಅಕ್ಕಾ. ಎದುರು ಸಿಕ್ಕರೆ ಮಾತಾಡಿಸಿ, ಅವರಿಗಾಗಿ ಪ್ರಾರ್ಥನೆ ಮಾಡಿ. ಮನೆಯ ವಿಷಯ ಮಾತ್ರ ಸದ್ಯಕ್ಕೆ ಹೇಳಬೇಡಿ, ಅದಕ್ಕೆ ಅಪರಾಧಿ ಭಾವನೆಯೂ ಬೇಡ. ಮತ್ತೆ ಗುಂಪಿನಲ್ಲಿ ಉಳಿದವರಿಗೆ ಒಂದು ಮಾತು, ಅದು ಯಾರು, ಏನು ವಿಷಯ ಅಂತ ದಯವಿಟ್ಟು ಇಲ್ಲಿ ಕೇಳಬೇಡಿ. ಆಗಲೇ ಇಬ್ಬರು ಕೇಳಿದ್ದಾರೆ.